ಡಾಕ್ಟ್ರು ರಾತ್ರಿನೂ ಊರಲ್ಲೇ ಇರ್ಬೇಕು

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಗೆ ಇನ್ನೂ ದೊಡ್ಡ ಆಸ್ಪತ್ರೆ ಬೇಕು ಅಂತ ನಿಮ್ಮ ಪೇಪರಿಗೆ ಪತ್ರಗಳು ಬರ್ತಾನೇ ಇರ್ತವೆ, ಬೇಡ ಅನ್ನಲ್ಲ, ಆದ್ರೆ ಬೆಡ್ಡು ಸ್ಕ್ಯಾನಿಂಗು ಲೆಕ್ಕ ಹಾಕೋಕ್ ಮುಂಚೆ ಯಳಂದೂರು ತಾಲ್ಲೂಕಲ್ಲಿ ಏನ್ ನಡೀತು ಅಂತ ನೆನಪು ಮಾಡ್ಕೋಬೇಕು ಅನ್ನಿಸ್ತು.

ಡಾ. ಎಚ್. ಸುದರ್ಶನ್ ಅವ್ರು ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡಿನ ಸೋಲಿಗ ಬುಡಕಟ್ಟಿನೋರ ಜೊತೆ ಇದ್ಕೊಂಡು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ದು ಎಲ್ರಿಗೂ ಗೊತ್ತು. ಬೆಟ್ಟದ ಕೆಳಗೆ 1986ರಲ್ಲಿ ಅವ್ರದ್ದೇ ಕರುಣಾ ಟ್ರಸ್ಟ್ ಹುಟ್ಟಿದ್ದು ಕುಷ್ಠರೋಗಕ್ಕೋಸ್ಕರ. ಆಗ ನಮ್ಮ ತಾಲ್ಲೂಕಲ್ಲಿ ಸಾವಿರಕ್ಕೆ 20ಕ್ಕೂ ಹೆಚ್ಚು ಜನಕ್ಕೆ ಆ ಕಾಯಿಲೆ ಇತ್ತು, ಮನೆಯವ್ರೇ ಹೊರಗಿಡ್ತಿದ್ದ ಕಾಲ, ಆಸ್ಪತ್ರೆಗೆ ಬನ್ನಿ ಅಂದ್ರೆ ಯಾರ್ ಬರ್ತಾರೆ? ಟ್ರಸ್ಟಿನವ್ರೇ ಮನೆಮನೆಗೆ ಹೋದ್ರು, ಮೈಮೇಲೆ ಮಚ್ಚೆ ಇದ್ಯಾ, ಅಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ ಅಂತ ನೋಡಿದ್ರು, ಮಾತ್ರೆ ಮಧ್ಯದಲ್ಲಿ ಬಿಡದ ಹಾಗೆ ಹಿಂದೆ ಬಿದ್ರು. ಆಮೇಲೆ ಅದು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ ಆಯ್ತು.

ಫಿಟ್ಸ್ ಕಾಯಿಲೆನೂ ಹಾಗೇ ಕೈಗೆತ್ತಿಕೊಂಡ್ರು. ತಲೆಗೆ ಬಿಸಿನೀರು ಹುಯ್ಕೊಂಡಾಗ ಫಿಟ್ಸ್ ಬರೋದು ನಮ್ಮ ಕಡೆ ಜಾಸ್ತಿ, ಬೇರೆ ಊರಿನೋರಿಗೆ ಹೇಳಿದ್ರೆ ನಂಬಲ್ಲ. ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸ್ತಿದ್ರು. ನೀರು ಉಗುರುಬೆಚ್ಚಗೆ ಇರ್ಲಿ, ಡಾಕ್ಟ್ರು ಕೊಟ್ಟ ಮಾತ್ರೆ ತಪ್ಪಿಸ್ಬೇಡಿ ಅಂತ ಹೇಳೋಕೆ ಹತ್ತಿರದಲ್ಲಿ ಒಬ್ರು ಇದ್ರೆ ಸಾಕಿತ್ತು.

1996ರಲ್ಲಿ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರನ (ಪಿಎಚ್‌ಸಿ) ಸರ್ಕಾರ ಟ್ರಸ್ಟ್‌ಗೆ ವಹಿಸ್ತು. ಆಸ್ಪತ್ರೆ ಸರ್ಕಾರದ್ದೇ, ಬಹುಪಾಲು ದುಡ್ಡೂ ಸರ್ಕಾರದ್ದೇ, ನಡೆಸೋರು ಮಾತ್ರ ಬೇರೆ, 24 ಗಂಟೆ ಬಾಗಿಲು ತೆಗ್ದಿರ್ತಿತ್ತು. ಇಲ್ಲಿ ಕಲಿತಿದ್ದನ್ನ ಅರುಣಾಚಲ ಪ್ರದೇಶ, ಮೇಘಾಲಯದ ಪಿಎಚ್‌ಸಿಗಳವರೆಗೂ ತಗೊಂಡು ಹೋದ್ರು. ನನಗೆ ಇದೇ ದೊಡ್ಡ ಆಸ್ಪತ್ರೆ ಅನ್ಸುತ್ತೆ, ಒಂದೇ ಕಟ್ಟಡದಲ್ಲಿ ಇಲ್ಲ ಅಷ್ಟೇ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಎರಡು ವರ್ಷದ ಹಿಂದೆ ಬೇರೆ ತಾಲ್ಲೂಕಿನ ಒಂದು ಊರಲ್ಲಿ ನಮ್ಮ ಚಿಕ್ಕಪ್ಪಂಗೆ ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೋದಾಗ ಹಾವು ಕಚ್ತು, ಎತ್ಕೊಂಡು ಪಿಎಚ್‌ಸಿಗೆ ಹೋದ್ರೆ ಬೀಗ, ಪಕ್ಕದಲ್ಲೇ ಕ್ವಾರ್ಟರ್ಸ್ ಇದೆ, ಅದಕ್ಕೂ ಬೀಗ, ಡಾಕ್ಟ್ರು ಸಿಟಿಯಿಂದ ಓಡಾಡ್ತಾರಂತೆ. ಗೂಡ್ಸ್ ಆಟೋದಲ್ಲಿ ಮಲಗಿಸ್ಕೊಂಡು ಜಿಲ್ಲಾಸ್ಪತ್ರೆಗೆ ಹೋದ್ವಿ. ಜೀವ ಉಳೀತು, ಕಾಲಿನ ಎರಡು ಬೆರಳು ಹೋಯ್ತು. ಆ ದಾರಿ ಉದ್ದಕ್ಕೂ ಚಿಕ್ಕಮ್ಮ ಅವ್ರ ಕಾಲು ಹಿಡ್ಕೊಂಡೇ ಕೂತಿದ್ರು.

ಬಯಲು ಸೀಮೇಲಿ 30 ಸಾವಿರ ಜನಕ್ಕೆ, ಬೆಟ್ಟಗಾಡಲ್ಲಿ 20 ಸಾವಿರ ಜನಕ್ಕೆ ಒಂದು ಪಿಎಚ್‌ಸಿ ಅನ್ನೋದು ರೂಲ್ಸು. ಬೀಗ ಹಾಕಿದ್ರೆ ಅಷ್ಟೂ ಜನಕ್ಕೆ ಹಾಕಿದ ಹಾಗೆ. ದಯವಿಟ್ಟು ನಿಮ್ಮ ವರದಿಗಾರರನ್ನ ಒಂದು ರಾತ್ರಿ ಜಿಲ್ಲೆಯ ಎಲ್ಲಾ ಪಿಎಚ್‌ಸಿಗೆ ಕಳಿಸಿ, ಯಾವ ಕ್ವಾರ್ಟರ್ಸ್‌ನಲ್ಲಿ ಲೈಟ್ ಉರೀತಿತ್ತು, ಯಾವುದ್ರಲ್ಲಿ ಇಲ್ಲ, ಪಟ್ಟಿ ಹಾಕಿ.

ಇಂತಿ,
ಒಬ್ಬ ಓದುಗ, ಯಳಂದೂರು ತಾಲ್ಲೂಕು