ಕೈ ಬಿಗಿಯಾಗಿರುವಾಗ ಕಾಣಿಕೆ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು.

"ಈ ತಿಂಗಳು ಕಾಣಿಕೆ ಕೊಡಲು ಆಗ್ತಿಲ್ಲ, ಆರಾಧನೆಗೆ ಬರೋಕೆ ನಾಚಿಕೆ" ಎಂದು ಇಬ್ಬರು ನನಗೆ ಬರೆದಿದ್ದಾರೆ. ದಯವಿಟ್ಟು ಬನ್ನಿ. ಕಾಣಿಕೆ ಚೀಲ ಹತ್ತಿರ ಬಂದರೆ ಸುಮ್ನೆ ಪಕ್ಕದವರಿಗೆ ದಾಟಿಸಿ. ಯಾರೂ ಲೆಕ್ಕ ಇಡುವುದಿಲ್ಲ.

ಬೈಬಲಿನ ಮಾರ್ಕನ ಸುವಾರ್ತೆ 12ನೇ ಅಧ್ಯಾಯದಲ್ಲಿ ಬಡ ವಿಧವೆ ಹಾಕಿದ್ದು ಎರಡೇ ಕಾಸು. ಎಲ್ಲರಿಗಿಂತ ಜಾಸ್ತಿ ಕೊಟ್ಟವಳು ಇವಳೇ ಎಂದರು ಯೇಸು. ಆದರೆ ಈ ಕಥೆ ಹೇಳಿ ಇಲ್ಲದವರ ಮೇಲೆ ಒತ್ತಡ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಸ್ವಲ್ಪ ಮೇಲೆ, 40ನೇ ವಚನ ಓದಿ. ವಿಧವೆಯರ ಮನೆಗಳನ್ನು ನುಂಗುವವರನ್ನು ಯೇಸು ಅಲ್ಲೇ ಖಂಡಿಸಿದ್ದಾರೆ ಅಲ್ವಾ? ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದಲ್ಲಿ (2 ಕೊರಿಂಥ 8:12) ಅಪೊಸ್ತಲ ಪೌಲನೂ ಹೇಳುವುದು ಅಷ್ಟೇ: ಮನಸ್ಸಿದ್ದರೆ ಇದ್ದಷ್ಟರಲ್ಲಿ ಕೊಟ್ಟದ್ದು ಸಾಕು, ಇಲ್ಲದ್ದನ್ನು ದೇವರು ಕೇಳುವುದಿಲ್ಲ. ಹಾಗಾಗಿ ಸಾಲ ಮಾಡಿ ಕಾಣಿಕೆ ಬೇಡ.

ಕಳೆದ ವಾರ ನಮ್ಮ ಅಕ್ಕ ಒಬ್ಬರು "ದುಡ್ಡಿಲ್ಲ" ಎಂದು ತಲೆ ತಗ್ಗಿಸಿದರು. ಅದೇ ಸಂಜೆ ಹಾಸಿಗೆ ಹಿಡಿದ ಅಜ್ಜಿಯ ಬಟ್ಟೆಯೆಲ್ಲ ಒಗೆದು, ಹಿಂಡಿ, ಒಣಹಾಕಿ ಬಂದರು. ಕೈಯೆಲ್ಲ ಸೋಪಿನ ನೀರಿಗೆ ಸುಕ್ಕಾಗಿತ್ತು. ಅದು ಕಾಣಿಕೆ ಅಲ್ಲದೆ ಇನ್ನೇನು?

ಬಾಡಿಗೆಗೋ ಔಷಧಿಗೋ ಕಷ್ಟವಾಗಿದ್ದರೆ ತಿಳಿಸಿ. ಗುಂಪಿನಲ್ಲಿ ಹಾಕಬೇಡಿ, ನೇರ ನನಗೇ ಬರೆಯಿರಿ.