ಸದ್ದಿನ ಫೇಸ್‌ನ ಮಡಿಕೆ ಬಿಡಿಸುವುದನ್ನೂ ಕಲಿಸಿ

ಮಾನ್ಯರೇ,

ಸಾಗರದ ಸುತ್ತಮುತ್ತ ತಾಳಮದ್ದಲೆ ರೆಕಾರ್ಡ್ ಮಾಡುವವನು ನಾನು. ಸಭಾಂಗಣದ ಹಿಂಗೋಡೆಗೆ ಬಡಿದು ಮದ್ದಲೆಯ ಪೆಟ್ಟು ಎರಡೆರಡು ಸಲ ಕೇಳುತ್ತದೆ. ಈ ಪ್ರತಿಧ್ವನಿಯನ್ನು ತೆಗೆಯಲು ಕಾಂಪ್ಲೆಕ್ಸ್ ಸೆಪ್‌ಸ್ಟ್ರಮ್ ಎಂಬ ಲೆಕ್ಕ ಒಂದು ದಾರಿ; ಅದರಲ್ಲಿ ಮೂಲ ಸದ್ದು, ಪ್ರತಿಧ್ವನಿ ಬೇರೆಬೇರೆಯಾಗಿ ಕಾಣುತ್ತವೆ. ಆದರೆ ಇಂಜಿನಿಯರಿಂಗ್ ಓದುವ ಮಗಳಿಗೆ ಲ್ಯಾಬಿನಲ್ಲಿ ಹೇಳಿಕೊಟ್ಟದ್ದು ಮ್ಯಾಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಈ ಲೆಕ್ಕವನ್ನು ತಾನೇ ಮಾಡಿಬಿಡುವ 'ಸಿಸೆಪ್ಸ್' ಕಮಾಂಡ್ ಅಷ್ಟೇ!

ಈ ಲೆಕ್ಕದಲ್ಲಿ ಎಫ್‌ಎಫ್‌ಟಿ (ಸದ್ದನ್ನು ಆವರ್ತನಗಳಾಗಿ ಬಿಡಿಸುವುದು), ಅದರ ಲಾಗ್, ಮತ್ತೆ ಇನ್ವರ್ಸ್ ಎಫ್‌ಎಫ್‌ಟಿ ಸುಲಭ. ಕಷ್ಟ ಇರುವುದು ಫೇಸ್‌ನಲ್ಲಿ, ಅಂದರೆ ಪ್ರತಿ ಆವರ್ತನದ ಅಲೆ ಎಷ್ಟು ಸರಿದಿದೆ ಎಂದು ಹೇಳುವ ಕೋನದಲ್ಲಿ. ಕಂಪ್ಯೂಟರ್ ಅದನ್ನು ಮೈನಸ್ 180ರಿಂದ 180 ಡಿಗ್ರಿಯೊಳಗೆ ಮಡಚಿ ಕೊಡುತ್ತದೆ. 360ರ ಜಿಗಿತಗಳನ್ನು ಬಿಡಿಸಿ, ಸದ್ದಿನ ಒಟ್ಟು ತಡದಿಂದ ಫೇಸ್‌ನಲ್ಲಿ ಬರುವ ನೇರ ಇಳಿಜಾರನ್ನು ಕಳೆಯದಿದ್ದರೆ ಉತ್ತರ ಕೆಡುತ್ತದೆ. ಸದ್ದಿನ ಕೊನೆಗೆ ಸೊನ್ನೆಗಳನ್ನು ಜಾಸ್ತಿ ಸೇರಿಸಿ ಎಫ್‌ಎಫ್‌ಟಿ ಉದ್ದ ಮಾಡಿದರೆ ಜಿಗಿತ ಸರಿಯಾಗಿ ಸಿಗುತ್ತದೆ, ಅಲಿಯಾಸಿಂಗೂ (ಉತ್ತರದ ತುದಿ ಸುತ್ತಿ ಬಂದು ಉಳಿದುದರ ಮೇಲೆ ಬೀಳುವುದು) ತಗ್ಗುತ್ತದೆ.

ಫೇಸ್ ಬಿಟ್ಟೇಬಿಡಿ ಅನ್ನುವವರೂ ಇದ್ದಾರೆ. ಬೋಗರ್ಟ್, ಹೀಲಿ, ಟೂಕಿ ಎಂಬ ಸಂಶೋಧಕರು 1963ರಲ್ಲಿ ಕೊಟ್ಟ ಮೊದಲಿನ ಸೆಪ್‌ಸ್ಟ್ರಮ್‌ಗೆ ಫೇಸ್ ಬೇಡ, ನಿಜ. ಅದು ಪ್ರತಿಧ್ವನಿ ಎಷ್ಟು ತಡ ಅಂತ ಹೇಳುತ್ತದೆ. ಮೂಲ ಸದ್ದನ್ನು ವಾಪಸ್ ಕೊಡುವುದಿಲ್ಲ, ಅಲ್ವಾ? ಲ್ಯಾಬ್ ಪರೀಕ್ಷೆಯಲ್ಲಿ ಫೇಸ್ ಬಿಡಿಸುವ ಕೋಡನ್ನು ಕೈಯಾರೆ ಬರೆಸಲಿ.

– ಒಬ್ಬ ಓದುಗ, ಸಾಗರ