ಬೆಳ್ಳಿಯ ಸಾಸಿವೆ ಭರಣಿ ಮುಟ್ಟುವ ಮುನ್ನ

ಸದಸ್ಯರ ಗಮನಕ್ಕೆ: ಇಂಗ್ಲೆಂಡಿನ ಹಳೆಯ ಬಂಗಲೆಗಳ ಸಂಗ್ರಹದಲ್ಲಿ ಸಿಗುವ ಬೆಳ್ಳಿಯ ಸಾಸಿವೆ ಭರಣಿಗಳ ಬಗ್ಗೆ. ಊಟದ ಮೇಜಿನ ಮೇಲೆ ಅರೆದ ಸಾಸಿವೆ ಇಡುತ್ತಿದ್ದ, ಕೀಲುಮುಚ್ಚಳದ ಪುಟ್ಟ ಪಾತ್ರೆ ಇದು. ಮುಚ್ಚಳದ ಅಂಚಿನಲ್ಲಿ ಚಮಚದ ಹಿಡಿ ಹೊರಬರಲು ಒಂದು ಕಚ್ಚು ಇರುತ್ತದೆ.

ಒಳಗಿನ ನೀಲಿ ಗಾಜಿನ ಬಟ್ಟಲು ಬರೀ ಅಂದಕ್ಕಲ್ಲ. ಸಾಸಿವೆಯ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಅದರಲ್ಲಿ ಬೆರೆತ ಉಪ್ಪು ಬೆಳ್ಳಿಯನ್ನು ತಿಂದು ಗುಳಿ ಮಾಡುತ್ತದೆ. ಕಪ್ಪನ್ನು ತೆಗೆಯಬಹುದು, ಗುಳಿಯನ್ನು ತುಂಬಲಾಗದು. ಹಾಗಾಗಿ ಮೊದಲು ಗಾಜನ್ನು ಹೊರತೆಗೆದು ಬೇರೆ ಇಡಿ. ಸಿಕ್ಕಿಕೊಂಡಿದ್ದರೆ ಬಲವಂತ ಬೇಡ.

ಹಿಡಿಯುವಾಗ ನೈಟ್ರೈಲ್ ಎಂಬ ಕೃತಕ ವಸ್ತುವಿನ ಕೈಗವಸೇ ಬೇಕು, ಮಾಮೂಲಿ ರಬ್ಬರಿನದರಲ್ಲಿ ಗಂಧಕ ಇರುತ್ತದೆ. ಎರಡೂ ಕೈಗಳಿಂದ ತಳ ಹಿಡಿಯಿರಿ. ಹಿಡಿಕೆ ಹಿಡಿದು ಎತ್ತಿದರೆ ಹಳೆಯ ಬೆಸುಗೆ ಬಿಡುತ್ತದೆ.

ತೊಳೆಯುವುದಾದರೆ ನುಣ್ಣನೆಯ ಚಾಕ್ ಪುಡಿಯನ್ನು ಡಿಸ್ಟಿಲ್ಡ್ ನೀರಲ್ಲಿ ಮಜ್ಜಿಗೆ ಹದಕ್ಕೆ ಕಲಸಿ, ಹತ್ತಿಯಿಂದ ಮೆಲ್ಲಗೆ ಉಜ್ಜಿ. ಕೊರೆದ ಜಾಲರಿಯಲ್ಲಿ ಪುಡಿ ಉಳಿದರೆ ಬಿಳಿ ಗೆರೆ ಕಟ್ಟುತ್ತದೆ, ಮೃದು ಬ್ರಷ್ ಹಿಡಿದು ತೆಗೆಯಿರಿ. ಒಳಗೆ ಚಿನ್ನದ ಲೇಪವಿದ್ದರೆ ಅಲ್ಲಿ ಉಜ್ಜಲೇಬೇಡಿ. ಮನೆಯ ದೀಪ ಉಜ್ಜಲು ಬಳಸುವ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಇಲ್ಲಿಗೆ ಬೇಡವೇ ಬೇಡ. ಅದ್ದಿ ತೆಗೆಯುವ ದ್ರಾವಣವೂ ಬೇಡ, ಅದು ಕೀಲಿನೊಳಗೆ ಇಳಿದು ಉಳಿಯುತ್ತದೆ.

ಬೆಳ್ಳಿಯ ಮೇಲೆ ಒತ್ತಿದ ಪುಟ್ಟ ಮುದ್ರೆಗಳ (ಹಾಲ್‌ಮಾರ್ಕ್) ಮೇಲೆ ಕೈ ಹಗುರವಿರಲಿ. ನಡೆಯುವ ಸಿಂಹದ ಮುದ್ರೆ ಎಂದರೆ ಶೇಕಡಾ 92.5 ಶುದ್ಧತೆಯ ಬೆಳ್ಳಿ. ರಾಜನ ಅಥವಾ ರಾಣಿಯ ತಲೆಯ ಮುದ್ರೆಯಿದ್ದರೆ ಸಾಮಾನ್ಯವಾಗಿ 1784ರಿಂದ 1890ರ ನಡುವಿನದು, ಸುಂಕ ಕಟ್ಟಿದ ಗುರುತು. ಉಜ್ಜಿ ಸವೆಸಿದರೆ ಕಾಲ ಹೇಳುವ ಆಧಾರವೇ ಹೋಯಿತು.